ತಟ್ಟೆಗೆ ಬಂದದ್ದಷ್ಟೇ

ಎರಡು ಪೇಟೆಗಳ ನಡುವೆ ಓಡುವ ಪ್ಯಾಸೆಂಜರ್ ರೈಲಿಗೆ ಸರ್ಕಾರ ವರ್ಷಾವರ್ಷ ಕೊಡುತ್ತಿದ್ದ ಮೂರು ಕೋಟಿ ರೂಪಾಯಿಯನ್ನು ಇನ್ನು ಮುಂದೆ ಕೊಡಬೇಕೋ ಬೇಡವೋ ಎಂಬುದು ವ್ಯಾಜ್ಯ. ತೀರ್ಪು ಹೇಳುವ ಕೆಲಸ ಸ್ಟೇಷನ್ ಎದುರಿನ ಮಂಡಿಯ ತಕ್ಕಡಿಯ ಪಾಲಿಗೆ ಬಂತು. ನಲವತ್ತು ವರ್ಷ ತೂಗಿ ತೂಗಿ ದಣಿದಿದ್ದ ತಕ್ಕಡಿಗೆ ಇದೊಂದು ಬೇಗ ಮುಗಿದರೆ ಸಾಕು ಎನ್ನಿಸಿತ್ತು. ಒಂದು ತಟ್ಟೆಗೆ ಟಿಕೆಟ್ಟಿನ ಹಣ, ಇನ್ನೊಂದಕ್ಕೆ ಖರ್ಚು ಹಾಕಿತು. ಖರ್ಚಿನ ತಟ್ಟೆ ನೆಲಕ್ಕೆ ಕೂತಿತು.

"ಏನಕ್ಕಾ, ಈ ವರ್ಷವೂ ಕೈಚಾಚಿದೆಯಾ? ನನ್ನ ಹಾಗೆ ದುಡಿದು ತಿನ್ನಬಾರದೇ?" ಎಂದು ಪಕ್ಕದ ಹಳಿಯಲ್ಲಿದ್ದ ಗೂಡ್ಸ್ ರೈಲು ಪ್ಯಾಸೆಂಜರ್ ರೈಲನ್ನು ನೋಡಿ ನಕ್ಕಿತು.

ಪ್ಯಾಸೆಂಜರ್ ಅದರ ಕಡೆ ತಿರುಗಲೂ ಇಲ್ಲ. "ತಕ್ಕಡಿ ಯಜಮಾನರೇ, ಬೆಳಿಗ್ಗೆ ನನ್ನಿಂದ ಇಳಿದವರು ನಿಮ್ಮ ಮಂಡಿಯಲ್ಲೇ ಅಲ್ಲವೇ ಕೊಳ್ಳುವುದು? ಆ ವ್ಯಾಪಾರವನ್ನೂ ನನ್ನ ಕಡೆಗೆ ಹಾಕಿ."

"ಇಳಿದು ಹೋದವರನ್ನು ಎಲ್ಲಿ ಹುಡುಕಲಮ್ಮ? ತಟ್ಟೆಗೆ ಬಂದದ್ದನ್ನಷ್ಟೇ ನಾನು ತೂಗುವುದು" ಎಂದ ತಕ್ಕಡಿ, ನಷ್ಟದ ಬಾಬ್ತಿಗೆ ದುಡ್ಡು ಬೇಡವೆಂದು ತೀರ್ಪು ಕೊಟ್ಟಿತು.

ಪ್ಯಾಸೆಂಜರ್ ರೈಲಿನ ಓಡಾಟ ನಿಂತಿತು. ಆಚೆ ಪೇಟೆಯ ಚಿಲ್ಲರೆ ವ್ಯಾಪಾರಿಗಳು ಬಸ್ ಚಾರ್ಜು, ಲಗೇಜು ಎಲ್ಲ ಕೊಟ್ಟು ಗಿಟ್ಟದೆ ಮಂಡಿಗೆ ಬರುವುದನ್ನೇ ಬಿಟ್ಟರು. ವರ್ಷ ತುಂಬುವುದರೊಳಗೆ ಮಂಡಿಗೆ ಬೀಗ ಬಿತ್ತು, ತಕ್ಕಡಿ ಗುಜರಿ ಅಂಗಡಿಗೆ ಹೋಯಿತು. ಅಲ್ಲಿನ ತಕ್ಕಡಿ ಅದನ್ನೇ ತನ್ನ ತಟ್ಟೆಗೆ ಏರಿಸಿಕೊಂಡಿತು.

"ನಲವತ್ತು ವರ್ಷ ಈ ಪೇಟೆಯ ವ್ಯಾಪಾರ ನಡೆಸಿದ್ದೇನೆ ಮಾರಾಯ, ಅದನ್ನೂ ಒಂದಿಷ್ಟು ಸೇರಿಸು."

"ಅದು ತಟ್ಟೆಯಲ್ಲಿ ಇಲ್ಲವಲ್ಲ, ಯಜಮಾನರೇ."

ಕಬ್ಬಿಣ ಹನ್ನೊಂದು ಕಿಲೋ, ತುಕ್ಕು ಕಳೆದು ಹತ್ತು. ಬಂದದ್ದು ಮುನ್ನೂರು ರೂಪಾಯಿ.