ಗೋಡೆಗೇರಿದ ಮುಚ್ಚಳಗಳು

ಹತ್ತಿರ ಬನ್ನಿ ಮಕ್ಕಳೇ. ಇದು ಒಲೆಯ ಮುಂದೆ ನಡೆದ ಕಥೆ. ನಗಿಸುವ ಕಥೆಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊಂಬಾಳೆದುರ್ಗ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಅವನಿಗೆ ಕರಿದ ತಿಂಡಿ ಅಂದರೆ ಪ್ರಾಣ. ಬೆಳಿಗ್ಗೆ ವಡೆ ಬೇಕು, ಮಧ್ಯಾಹ್ನ ಕಜ್ಜಾಯ ಬೇಕು, ಸಂಜೆ ಚಕ್ಕುಲಿ ಬೇಕು. ಅರಮನೆಯ ಅಡುಗೆಮನೆಯಲ್ಲಿ ಬಾಣಲೆ ಒಲೆಯಿಂದ ಇಳಿದದ್ದೇ ಇಲ್ಲ.

ಆ ಬಾಣಲೆಯ ಮುಂದೆ ಕೂತು ಕರಿಯುತ್ತಿದ್ದವಳು ಚೌಡವ್ವ. ಜೊತೆಗೆ ಅವಳ ತಂಗಿ ಹೊನ್ನಿ. ಹೆತ್ತವರಿಲ್ಲದ ಹುಡುಗಿ. ತಲೆ ಬಾಚಿ, ತುತ್ತು ಕೊಟ್ಟು ಬೆಳೆಸಿದವಳು ಅಕ್ಕನೇ.

"ಎಣ್ಣೆ ಕಾಯ್ತಿರುವಾಗ ಒಲೆ ಬಿಟ್ಟು ಏಳಬಾರದು ಕಣೇ," ಅಂತ ಚೌಡವ್ವ ದಿನಾ ಹೇಳುವಳು. "ಹೊಗೆಯಾಡಿದರೆ ಸೌದೆ ಎಳಿ. ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚು. ಬಾಣಲೆ ಎತ್ತಿಕೊಂಡು ಓಡಬೇಡ. ನೀರಂತೂ ಹಾಕಲೇಬೇಡ."

"ಎಷ್ಟು ಸಲ ಹೇಳ್ತೀಯಕ್ಕಾ? ನಿದ್ದೇಲಿ ಎಬ್ಬಿಸಿ ಕೇಳಿದರೂ ಒಪ್ಪಿಸ್ತೀನಿ," ಅಂತ ಹೊನ್ನಿ ನಗುವಳು.

ಅಡುಗೆಮನೆಗೆ ಒಬ್ಬ ಪಾರುಪತ್ಯಗಾರನಿದ್ದ, ಮಲ್ಲರಾಜಯ್ಯ ಅಂತ. ಎಲ್ಲರ ಮೇಲೂ ಅಧಿಕಾರ ನಡೆಸುವವನು. ಅವನು ಚಪ್ಪಾಳೆ ತಟ್ಟಿದರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಓಡಿಬಂದು ಕೈಕಟ್ಟಿ ನಿಲ್ಲಬೇಕು.

ಒಂದು ದಿನ ಅವನು ಚಪ್ಪಾಳೆ ತಟ್ಟಿದ. ಚೌಡವ್ವ ಎದ್ದು ಹೋಗಿ, ಅವನ ಬೈಗುಳ ಕೇಳಿಸಿಕೊಂಡು ತಿರುಗಿದಳು. ಅಷ್ಟರಲ್ಲಿ ಬಾಣಲೆಯ ಎಣ್ಣೆ ಭಗ್ಗೆಂದು ಹತ್ತಿಕೊಂಡಿತ್ತು. ಓಡಿಬಂದವಳೇ ಪಕ್ಕದಲ್ಲಿದ್ದ ಕಂಚಿನ ಮುಚ್ಚಳವನ್ನು ಓರೆಯಾಗಿ ಜಾರಿಸಿ ಮುಚ್ಚಿದಳು, ಸೌದೆ ಎಳೆದಳು. ಗಾಳಿ ಸಿಗದೆ ಬೆಂಕಿ ಸತ್ತಿತು. ಬಾಣಲೆ ಪೂರಾ ತಣ್ಣಗಾಗುವ ತನಕ ಮುಚ್ಚಳ ತೆಗೆಯಲಿಲ್ಲ.

ಮಲ್ಲರಾಜಯ್ಯನ ಕಣ್ಣಿಗೆ ಬಿದ್ದದ್ದು ಮಸಿ ಮಾತ್ರ. "ಅರಮನೆಯ ಮುಚ್ಚಳ ಹಾಳುಮಾಡಿದೆಯಲ್ಲೇ! ಇನ್ನು ಇವು ನಿಮ್ಮ ಕೈಗೆ ಸಿಗೋದಿಲ್ಲ."

ಮುಚ್ಚಳಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿಸಿದ. ರಾಜನ ಊಟದ ಮನೆಯ ಗೋಡೆಗೆ ಸಾಲಾಗಿ ತೂಗುಹಾಕಿಸಿದ. ದೀಪದ ಬೆಳಕಿಗೆ ಅವು ಥಳಥಳ ಅಂದವು.

"ಭೇಷ್! ಎಂಥಾ ಹೊಳಪು!" ಅಂದ ರಾಜ. ಮಲ್ಲರಾಜಯ್ಯ ಉಬ್ಬಿಹೋದ.

ಎರಡನೇ ಸಲ ಅವನು ಚಪ್ಪಾಳೆ ತಟ್ಟಿದಾಗ ಎಣ್ಣೆ ಹೊಗೆಯಾಡುತ್ತಿತ್ತು. ಚೌಡವ್ವ ಏಳಲಿಲ್ಲ. ಸೌದೆ ಎಳೆದು, ಹೊಗೆ ಇಳಿದ ಮೇಲೆ ಹೋಗಿ ಕೈಕಟ್ಟಿ ನಿಂತಳು.

"ತಪ್ಪಾಯ್ತು ಬುದ್ಧಿ. ಎಣ್ಣೆ ಮಿತಿಮೀರಿ ಕಾದಿತ್ತು. ಒಂದೇ ಒಂದು ಮುಚ್ಚಳ ಕೊಡಿಸಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಬೆಂಕಿ ಬಿದ್ದರೆ ನೀರಿಲ್ಲವೇನೇ? ಇನ್ನೊಂದು ಸಲ ತಡಮಾಡು, ಅಕ್ಕತಂಗಿ ಇಬ್ಬರನ್ನೂ ಕೋಟೆಯಿಂದ ಆಚೆ ಅಟ್ಟುತ್ತೇನೆ," ಅಂದ. ಎಲ್ಲರೂ ನೋಡುವಂತೆ ಅವಳನ್ನು ಅಂಗಳದ ಬಿಸಿಲಲ್ಲಿ ನಿಲ್ಲಿಸಿದ.

ಮೂರನೇ ಸಲ ಅರಮನೆಗೆ ನೆಂಟರು ಬಂದಿದ್ದರು. ಕಜ್ಜಾಯ ಬೇಯುತ್ತಿತ್ತು. ಚಪ್ಪಾಳೆ ಕೇಳಿಸಿತು. ಚೌಡವ್ವ ಸೌದೆಗೆ ಕೈಹಾಕಿದಳು.

"ರಾಜರು ಕರೀತಿದಾರೆ! ಈಗಿಂದೀಗಲೇ ನಡಿ!" ಅಂತ ಮಲ್ಲರಾಜಯ್ಯ ಬಾಗಿಲಲ್ಲೇ ಗದರಿದ.

ಹೋದಸಲದ ಬಿಸಿಲು ನೆನಪಾಯಿತು. ಊರು ಬಿಟ್ಟರೆ ತಂಗಿಯನ್ನು ಎಲ್ಲಿಗೆ ಕರೆದೊಯ್ಯಲಿ ಅನ್ನಿಸಿತು. "ಹೊನ್ನೀ, ನೋಡ್ಕೊಳ್ಳೇ," ಅಂದು ಎದ್ದು ಹೋದಳು.

ರಾಜ ಕರೆದದ್ದು ಯಾಕೆ ಗೊತ್ತಾ? ಹೊಗಳುವುದಕ್ಕೆ! ನೆಂಟರ ಮುಂದೆ ಅವಳನ್ನು ನಿಲ್ಲಿಸಿ, "ಈ ಕಜ್ಜಾಯ ಇವಳ ಕೈಯದು," ಅಂದ. ಚೌಡವ್ವ ತಲೆಬಗ್ಗಿಸಿ ನಿಂತಳು. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ಮುಚ್ಚಳಗಳು ಹೊಳೆಯುತ್ತಿದ್ದವು.

ಆಗ ಅಡುಗೆಮನೆಯಿಂದ ಕೂಗು ಬಂತು. "ಅಕ್ಕಾ! ಮುಚ್ಚಳ!"

ಚೌಡವ್ವ ರಾಜನನ್ನು ನೋಡಲಿಲ್ಲ, ನೆಂಟರನ್ನು ನೋಡಲಿಲ್ಲ. ಗೋಡೆಯಿಂದ ಒಂದು ಮುಚ್ಚಳ ಕಿತ್ತುಕೊಂಡು ಓಡಿದಳು. ಅರ್ಧ ದಾರಿಯಲ್ಲಿ ಢಮ್ಮೆಂದು ಸದ್ದಾಯಿತು. ಹೋಗಿ ನೋಡಿದರೆ ತಲೆಯ ಮೇಲೆ ಅಡುಗೆಮನೆಯ ಮಾಡೆಲ್ಲ ಕಪ್ಪು. ಬಿಂದಿಗೆಯೊಂದು ಬಾಗಿಲ ಬಳಿ ಉರುಳಿತ್ತು. ಹೊನ್ನಿ ಒಲೆಯ ಪಕ್ಕ ಬಿದ್ದಿದ್ದಳು. ಮಲ್ಲರಾಜಯ್ಯ ಎಲ್ಲೂ ಇರಲಿಲ್ಲ.

ಆ ವಾರ ಕಳೆಯುವ ತನಕ ಹುಡುಗಿಯ ಜೀವ ಉಳಿಯಲಿಲ್ಲ. ಹೋಗುವ ಮುಂಚೆ ಅಕ್ಕನ ಕೈ ಹಿಡಿದು ಹೇಳಿದಳು: "ನಾನು ಸೌದೆ ಎಳೆದಿದ್ದೆ ಕಣಕ್ಕಾ. ಹರಿವಾಣ ಮುಚ್ಚೋಣ ಅಂತ ತಗೊಂಡೆ. ಅಷ್ಟರಲ್ಲಿ ಪಾರುಪತ್ಯಗಾರರು ಹಿಂದಿನಿಂದ ನೀರು ಎರಚಿಬಿಟ್ಟರು. ನನ್ನ ತಪ್ಪಲ್ಲ ಕಣಕ್ಕಾ."

"ನಿನ್ನ ತಪ್ಪಲ್ಲ ಮಗಾ," ಅಂದಳು ಚೌಡವ್ವ. ಅದು ಹೊನ್ನಿಗೆ ಕೇಳಿಸಿತೋ ಇಲ್ಲವೋ.

ಚೌಡವ್ವನ ದೂರು ರಾಜನ ಮುಂದೆ ಬಂತು. ಮಲ್ಲರಾಜಯ್ಯ ಕಣ್ಣೊರೆಸಿಕೊಂಡ.

"ನಾನು ಆಗ ಉಗ್ರಾಣದಲ್ಲಿದ್ದೆ ಮಹಾಸ್ವಾಮಿ. ಹುಡುಗಿ ಮೈಮರೆತು ಸೆರಗಿಗೆ ಬೆಂಕಿ ತಗುಲಿಸಿಕೊಂಡಳು. ನೀರು ಎರಚಿದ್ದನ್ನು ನಾನು ಕಂಡವನೇ ಅಲ್ಲ. ಯಾರಾದರೂ ಎರಚಿದ್ದರೆ ಬೆಂಕಿ ಆರುತ್ತಿತ್ತಲ್ಲ!"

ನೋಡಿದವರು ಬೇರೆ ಯಾರೂ ಇಲ್ಲ. ರಾಜ ಯೋಚನೆಗೆ ಬಿದ್ದ. ಚೌಡವ್ವ ಮುಂದೆ ಬಂದಳು.

"ಇರಬಹುದು ಮಹಾಸ್ವಾಮಿ. ಪಾರುಪತ್ಯಗಾರರ ಮಾತೇ ನಿಜ ಇರಬಹುದು. ಬಯಲಲ್ಲಿ ಒಲೆ ಹೂಡಿ ಎಣ್ಣೆ ಕಾಯಿಸ್ತೀನಿ. ಹತ್ತಿಕೊಂಡಾಗ ಅವರೇ ಪಕ್ಕದಲ್ಲಿ ನಿಂತು ನೀರು ಹುಯ್ದು ಆರಿಸಲಿ. ಆರಿದರೆ ನಾನು ಸುಳ್ಳಿ."

ರಾಜ ಒಪ್ಪಿದ. ಬಯಲಲ್ಲಿ ಒಲೆ ಉರಿಯಿತು. ಎಲ್ಲರನ್ನೂ ದೂರ ನಿಲ್ಲಿಸಿದರು. ಚೌಡವ್ವ ಒಂದು ಕೈಯಲ್ಲಿ ಮುಚ್ಚಳ ಹಿಡಿದು, ಇನ್ನೊಂದು ಕೈಯಿಂದ ಮಲ್ಲರಾಜಯ್ಯನಿಗೆ ಬಿಂದಿಗೆ ಕೊಟ್ಟಳು. ಎಣ್ಣೆ ಮಿನುಗಿತು. ಎಣ್ಣೆ ಹೊಗೆಯಾಡಿತು. ಎಣ್ಣೆ ಹತ್ತಿಕೊಂಡಿತು.

"ಹುಯ್ಯಿರಿ ಬುದ್ಧಿ," ಅಂದಳು.

ಅವನು ಬಿಂದಿಗೆಯನ್ನು ಅತ್ತ ಎಸೆದು, ಎದ್ದೆನೋ ಬಿದ್ದೆನೋ ಅಂತ ಓಡಿದ. "ನೀರು ಬೇಡ! ನೀರು ಬಿದ್ದರೆ ಉರಿ ಮಾಡಿಗೆ ಹಾರುತ್ತೆ! ಮುಚ್ಚಳ ಮುಚ್ಚೇ, ಮುಚ್ಚೇ!"

ಚೌಡವ್ವ ಮುಚ್ಚಿದಳು. ಬೆಂಕಿ ಸತ್ತಿತು.

"ಮಲ್ಲರಾಜಯ್ಯ," ಅಂದ ರಾಜ, "ನೀರು ಎರಚಿದ್ದನ್ನು ಕಾಣದವನಿಗೆ ಉರಿ ಮಾಡಿಗೆ ಹಾರುವುದು ಹೇಗೆ ಗೊತ್ತಾಯಿತು? ಈ ಬಯಲಲ್ಲಿ ಮಾಡು ಎಲ್ಲಿದೆ?"

ಪಾರುಪತ್ಯ ಕಿತ್ತುಕೊಂಡು ಅವನನ್ನು ಗಡಿಯಾಚೆ ಅಟ್ಟಿದರು. ಜನ ಚಪ್ಪಾಳೆ ತಟ್ಟಿದರು.

ರಾಜ ಚೌಡವ್ವನಿಗೆ ರೇಷ್ಮೆ ಸೀರೆ ತರಿಸಿದ. ಅವಳು ಮುಟ್ಟಲಿಲ್ಲ.

"ಆ ಮುಚ್ಚಳಗಳು ಯಾಕೆ ಗೋಡೆಗೆ ಬಂದವು ಅಂತ ತಾವು ಕೇಳಲಿಲ್ಲ ಮಹಾಸ್ವಾಮಿ. ಹೊಳಪು ಚೆನ್ನಾಗಿದೆ ಅಂದಿರಿ."

ರಾಜನ ತಲೆ ಬಗ್ಗಿತು. ಮುಚ್ಚಳಗಳು ಒಲೆಯ ಬಳಿಗೆ ಹೋದವು, ಕಾಯುವ ಎಣ್ಣೆಯ ಮುಂದಿನಿಂದ ಯಾರನ್ನೂ ಎಬ್ಬಿಸಬಾರದು ಅಂತ ಅಪ್ಪಣೆ ಆಯಿತು. ನಮ್ಮ ರಾಜ ಎಷ್ಟು ಒಳ್ಳೆಯವನು ಅಂತ ಜನ ಕೊಂಡಾಡಿದರು. ಹೊನ್ನಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಚೌಡವ್ವ ಒಬ್ಬಳೇ ಕೋಟೆಯ ಬಾಗಿಲು ದಾಟಿ ಹೋದಳು.

ಕೆಟ್ಟವನು ಸಿಕ್ಕಿಬಿದ್ದ ಅಂತ ನೀವೂ ಹಿಗ್ಗಬೇಡಿ ಮಕ್ಕಳೇ. ಅವನು ಸಿಕ್ಕಿಬಿದ್ದದ್ದು ಹುಡುಗಿ ಸತ್ತ ಮೇಲೆ. ನೀತಿ ಇಷ್ಟೇ: ಎಣ್ಣೆ ಕಾಯುವಾಗ ರಾಜ ಕರೆದರೂ ಉರಿ ಆರಿಸದೆ ಏಳಬೇಡಿ. ಎಣ್ಣೆ ಹತ್ತಿಕೊಂಡರೆ ನೀರು ಹಾಕಬೇಡಿ, ಮುಚ್ಚಿಬಿಡಿ. ಒಲೆಯ ಮುಂದೆ ಬೇಯುವವರು ಒಂದು ಮಾತು ಹೇಳಿದರೆ, ಅನಾಹುತ ಆಗುವ ಮುಂಚೆಯೇ ಕೇಳಿಸಿಕೊಳ್ಳಿ.