ದಾರ ಕಟ್ಟಿದ ಪುಸ್ತಕ

"ಮೇಷ್ಟ್ರೇ, ಕಾಲೇಜಿಗೆ ಯಾವ ಕಂಪ್ಯೂಟರ್ ತಗೊಳ್ಳಲಿ?" ಎಂದು ಸಿಂಚನಾ ಕೇಳಿದಳು.

ಕಂಪ್ಯೂಟರ್ ಸೈನ್ಸ್ ಓದಲು ಅವಳಿಗೆ ಸೀಟು ಸಿಕ್ಕಿತ್ತು. ಸದ್ಯಕ್ಕೆ ಇದ್ದದ್ದು ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್. ಅದರ ಮೂಲೆ ಒಡೆದಿದೆ, ಗೆಳತಿಯರ ಮುಂದೆ ತೆಗೆಯಲು ನಾಚಿಕೆಯಾಗುತ್ತದೆ, ತಾನು ಬರೆದ ಪುಟ್ಟ ಪ್ರೋಗ್ರಾಮ್ ಓಡಿಸಿದರೂ ಏದುಸಿರು ಬಿಡುತ್ತದೆ ಎಂದು ದೂರಿದಳು. ಅದಿದ್ದ ಚೀಲವನ್ನು ಆಗಲೂ ಬೆನ್ನ ಹಿಂದೆ ಸರಿಸಿಟ್ಟುಕೊಂಡಿದ್ದಳು.

"ಅಂಗಡಿಯವನನ್ನ ಕೇಳೋ ಪ್ರಶ್ನೆ ನನ್ನ ಹತ್ರ ತಂದಿದ್ದೀಯ" ಎಂದು ವೀರಭದ್ರಪ್ಪ ಮೇಷ್ಟ್ರು ನಕ್ಕು, ಒಂದು ಕತೆ ಹೇಳಿದರು.

ಒಬ್ಬ ವಿದ್ಯಾರ್ಥಿ ಇದ್ದ. ಬುದ್ಧಿವಂತನೇ. ಕಾಲೇಜಿಗೆ ಸೇರುವಾಗ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಜೋರಾದ ಕಂಪ್ಯೂಟರ್ ಆರಿಸಿ ತಂದ. ಹಾಸ್ಟೆಲಿನವರೆಲ್ಲ ಸುತ್ತ ನಿಂತು ನೋಡಿದರು. ಅವನು ಏನೇ ಬರೆದು ಕೊಟ್ಟರೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿತ್ತು. ಹಾಗಾಗಿ ಬರೆದದ್ದನ್ನು ಎರಡನೇ ಸಲ ಓದುವ ಅಭ್ಯಾಸ ಅವನಿಗೆ ಬರಲೇ ಇಲ್ಲ. ಅದು ಬೇಸರದ ಕೆಲಸ ತಾನೇ.

ಎರಡು ವರ್ಷ ಕಳೆದ ಮೇಲೆ ಊರಿನ ಹೆರಿಗೆ ಆಸ್ಪತ್ರೆಗೆ ಅವನೊಂದು ಪ್ರೋಗ್ರಾಮ್ ಮಾಡಿದ. ರಕ್ತದ ಗುಂಪು ಒತ್ತಿದರೆ ಹತ್ತಿರದ ದಾನಿಗಳ ಹೆಸರು ಬರಬೇಕು. ಅವನ ಕೋಣೆಯಲ್ಲಿ ಬೆರಳೆತ್ತುವ ಮೊದಲೇ ಬಂದಿತ್ತು. ಅದನ್ನು ಆಸ್ಪತ್ರೆಯ ಕಂಪ್ಯೂಟರಿಗೆ ಹಾಕಿಕೊಡಲು ಒಂದು ಮಧ್ಯಾಹ್ನ ಹೋದ. ಹಾಕಿ ಮುಗಿಸುವ ಹೊತ್ತಿಗೆ ಒಬ್ಬ ಬಾಣಂತಿಗೆ ರಕ್ತಸ್ರಾವ ನಿಲ್ಲದೆ ತುರ್ತಾಗಿ ರಕ್ತ ಬೇಕಾಯಿತು. ಅವಳ ತಾಯಿ ಬಾಗಿಲಲ್ಲಿ ನಿಂತಿದ್ದಳು. ಅವನು ಹೆಮ್ಮೆಯಿಂದ ಗುಂಪು ಒತ್ತಿದ. ಪರದೆಯ ಮೇಲೆ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

"ನಿಮ್ಮ ಕಂಪ್ಯೂಟರ್ ತುಂಬಾ ಹಳೇದು ಸಿಸ್ಟರ್" ಎಂದ.

ನರ್ಸು ಅಷ್ಟರಲ್ಲಿ ಬೀರುವಿನಿಂದ ರಟ್ಟು ಕಿತ್ತುಹೋದ ಪುಸ್ತಕವೊಂದನ್ನು ತೆಗೆದಿದ್ದಳು. ದಾನಿಗಳ ಹೆಸರು ಬರೆದಿಟ್ಟ ಆ ಪುಸ್ತಕದಲ್ಲಿ ಒಂದೊಂದು ಗುಂಪಿನ ಪುಟಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿದ್ದಳು. ಹಸಿರು ದಾರ ಹಿಡಿದು ಪುಟ ತೆರೆದು ಫೋನಿನ ನಂಬರು ಒತ್ತಿದಳು.

"ಈ ಪುಸ್ತಕ ಅದಕ್ಕಿಂತ ಹಳೇದು ತಮ್ಮಾ" ಎಂದಳು, ತಲೆ ಎತ್ತದೆ.

ದಾನಿ ಬಂದ, ಬಾಣಂತಿ ಉಳಿದಳು. ಅವಳ ತಾಯಿ ನರ್ಸಿನ ಕೈ ಹಿಡಿದು ಅತ್ತಳು. ಆಮೇಲೆ, ಪಾಪ, ಏನೂ ತಿಳಿಯದ ಆ ತಾಯಿ ಕಂಪ್ಯೂಟರಿನ ಮುಂದೆ ಕೂತಿದ್ದ ಇವನಿಗೂ ಕೈ ಮುಗಿದಳು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಾಸ್ಟೆಲಿಗೆ ಹೋಗಿ ತಾನು ಬರೆದದ್ದನ್ನು ಮೊದಲ ಸಲ ಸಾವಕಾಶವಾಗಿ ಓದಿದ. ಒಂದೊಂದು ಹೆಸರಿಗೂ ಅದು ಇಡೀ ಪಟ್ಟಿಯನ್ನು ಮತ್ತೆ ಮೊದಲಿನಿಂದ ಹುಡುಕುತ್ತಿತ್ತು. ಅವನು ಒಂದು ದಾರವನ್ನೂ ಕಟ್ಟಿರಲಿಲ್ಲ. ಆ ಜೋರಾದ ಕಂಪ್ಯೂಟರ್ ಅಷ್ಟೂ ದಿನ ಓಡಿ ಓಡಿ ಅವನ ತಪ್ಪನ್ನು ಅವನಿಂದಲೇ ಮುಚ್ಚಿಟ್ಟಿತ್ತು.

ಮೇಷ್ಟ್ರು ಕತೆ ನಿಲ್ಲಿಸಿದರು.

"ಹಾಗಾದ್ರೆ ಹಳೇದೇ ಒಳ್ಳೇದಾ ಮೇಷ್ಟ್ರೇ?" ಎಂದು ಸಿಂಚನಾ ಕೇಳಿದಳು.

ಮೇಷ್ಟ್ರು ಅವಳ ಬೆನ್ನ ಹಿಂದಿನ ಚೀಲದ ಕಡೆ ನೋಡಿದರು.

"ಏದುಸಿರು ಬಿಡ್ತದೆ ಅಂದೆಯಲ್ಲ, ಆ ಪ್ರೋಗ್ರಾಮನ್ನ ನೀನು ಎರಡನೇ ಸಲ ಓದಿದ್ದೀಯಾ?"