ಹುಟ್ಟಿದ ನೆಲದ ನಿಯಮ

"ನನ್ನ ಪಂಡಿತಸಭೆಯಲ್ಲಿ ಯಾರು ಯಾವ ವಿಷಯದ ಮೇಲಾದರೂ ಗ್ರಂಥ ಬರೆಯಬಹುದು. ಇಷ್ಟು ಸ್ವಾತಂತ್ರ್ಯವನ್ನು ಬೇರೆ ಯಾವ ಅರಸ ಕೊಟ್ಟಿದ್ದಾನೆ?" ಎಂದು ಬೆಳ್ಳಿಗೆರೆಯ ಅರಸ ಮಲ್ಲರಸ ಹೆಮ್ಮೆಯಿಂದ ಕೇಳಿದ.

ಯಾರೂ ಉತ್ತರಿಸಲಿಲ್ಲ. ಅರಸ ಇಂಥ ಪ್ರಶ್ನೆ ಕೇಳಿದಾಗ ಉತ್ತರಿಸಬಾರದು ಎಂಬುದು ಆಸ್ಥಾನದ ರೂಢಿ.

ಅಂದು ವಿಷಯ ಆರಿಸುವ ದಿನ. ಅಂದರೆ, ಪ್ರತಿಯೊಬ್ಬ ಪಂಡಿತನೂ ಎದ್ದು ನಿಂತು, ಆ ವರ್ಷ ಯಾವುದರ ಬಗ್ಗೆ ಬರೆಯುವೆನೆಂದು ಹೇಳಬೇಕು. ಅರಸ ತಲೆಯಾಡಿಸಿದರೆ ಒಪ್ಪಿಗೆ. ಒಪ್ಪಿಗೆಯ ವಿಷಯವಿಲ್ಲದವನಿಗೆ ಆಸ್ಥಾನದಲ್ಲಿ ಜಾಗವಿಲ್ಲ. ಅವನು ಹೊರನಾಡಿನವನಾದರೆ ಬೆಳ್ಳಿಗೆರೆಯಲ್ಲೇ ಜಾಗವಿಲ್ಲ.

ಒಬ್ಬರು ಚಂದ್ರನ ಬಗ್ಗೆ ಬರೆಯುವೆನೆಂದರು. ಅಲ್ಲಿಗೆ ಹೋಗಿದ್ದಿರಾ ಎಂದು ಯಾರೂ ಕೇಳಲಿಲ್ಲ. ಒಪ್ಪಿಗೆಯಾಯಿತು.

ಆಮೇಲೆ ತಿಸ್ಸ ಎದ್ದ. ಇವನು ಸಿಂಹಳದಿಂದ, ಅಂದರೆ ಕಡಲಾಚೆಯ ದ್ವೀಪದಿಂದ, ಎಳೆಯ ಪ್ರಾಯದಲ್ಲೇ ಬಂದು ನೆಲೆಸಿದ ಪಂಡಿತ.

"ಪ್ರಭು, ನಮ್ಮ ಹಿರಿಕೆರೆಯಲ್ಲಿ ನೀರು ಏಕೆ ನಿಲ್ಲುತ್ತಿಲ್ಲ ಎಂಬುದರ ಬಗ್ಗೆ ಬರೆಯುತ್ತೇನೆ."

"ನಮ್ಮ?" ಎಂದರು ಆಸ್ಥಾನದ ಹಿರಿಯ ಪಂಡಿತ ತ್ರಿವಿಕ್ರಮ ಶಾಸ್ತ್ರಿಗಳು. "ನಮ್ಮ ಕೆರೆಯ ಗೊಡವೆ ನಿಮಗೇಕೆ ತಿಸ್ಸಪಂಡಿತರೇ? ಸಿಂಹಳದ ಆನೆಯ ಬಗ್ಗೆ ಬರೆದಿರಿ, ಚೆನ್ನಾಗಿತ್ತು. ಸಿಂಹಳದ ದಾಲ್ಚಿನ್ನಿಯ ಬಗ್ಗೆ ಬರೆದಿರಿ, ಘಮಘಮ ಎನ್ನುತ್ತಿತ್ತು. ಈ ಸಲ ಸಿಂಹಳದ ತೆಂಗು!"

"ಶಾಸ್ತ್ರಿಗಳೇ, ನಮ್ಮೂರಿದ್ದದ್ದು ಕಡಲ ದಂಡೆಯಲ್ಲಿ. ನಾನು ಮೊದಲ ಸಲ ಆನೆ ನೋಡಿದ್ದೇ ಈ ಅರಮನೆಯಲ್ಲಿ."

"ಆದರೇನು? ನೀವು ಬರೆದರೆ ಅದಕ್ಕೊಂದು ಕಳೆ."

"ತೆಂಗಿನ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ. ಕೆರೆಯ ಬಗ್ಗೆ ಇದೆ."

"ಹಾಗಾದರೆ ಹಡಗು ಹತ್ತಿ. ಪ್ರಭು, ಹುಟ್ಟಿದ ನೆಲದವನಿಗೆ ಮಾತ್ರ ಆ ನೆಲದ ಮರ್ಮ ತಿಳಿಯುತ್ತದೆ. ಇದು ನಿಯಮವಾಗಲಿ."

ಅರಸನ ತಲೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎಂಬಂತೆ ನಿಂತಿತು.

ಆಗ ಚೌಡರಸ ಎದ್ದ. ಆಸ್ಥಾನದಲ್ಲಿ ಅವನಿಗೆ ಇಂಥದ್ದೇ ಎಂಬ ಕೆಲಸವಿರಲಿಲ್ಲ. ಜಾಣ ಎಂಬ ಕಾರಣಕ್ಕೆ ಇಟ್ಟುಕೊಂಡಿದ್ದರು.

"ಬಹಳ ಒಳ್ಳೆಯ ನಿಯಮ," ಎಂದ ಚೌಡರಸ. ತಿಸ್ಸನ ಮುಖ ಕಪ್ಪಿಟ್ಟಿತು. "ಆದರೆ ಎಲ್ಲರಿಗೂ ಒಂದೇ ನಿಯಮ ತಾನೇ, ಶಾಸ್ತ್ರಿಗಳೇ?"

"ಎಲ್ಲರಿಗೂ! ಮೀರಿದವರು ಪೀಠ ಬಿಟ್ಟಿಳಿಯಬೇಕು."

"ಈ ವರ್ಷ ತಮ್ಮ ಗ್ರಂಥ?"

"'ಬೆಳ್ಳಿಗೆರೆಯ ವೈಭವ.' ಹನ್ನೆರಡನೆಯ ಸಂಪುಟ."

"ಸಂತೋಷ. ತಾವು ಚೊಚ್ಚಲ ಮಗನಲ್ಲವೇ?"

"ಹೌದು! ಮನೆಗೆ ಹಿರಿಯ ಮಗ," ಎಂದು ಶಾಸ್ತ್ರಿಗಳು ಶಲ್ಯ ಸರಿಪಡಿಸಿಕೊಂಡರು.

"ಚೊಚ್ಚಲ ಹೆರಿಗೆ ಎಲ್ಲಿ ಆಗುತ್ತದೆ?"

"ಇದೇನು ಪ್ರಶ್ನೆಯಯ್ಯಾ? ತಾಯಿಯ ತವರಿನಲ್ಲಿ. ಅನಾದಿಯಿಂದ ಬಂದ ಪದ್ಧತಿ."

"ತಮ್ಮ ತಾಯಿಯವರ ತವರು?"

ಆ ತವರು ಹೊಳೆಯಾಚೆಯ ಕೋಟಿಪುರದಲ್ಲಿತ್ತು. ಕೋಟಿಪುರ ಬೇರೆ ಅರಸನ ರಾಜ್ಯ. ಇದು ಸಭೆಗೆಲ್ಲ ಗೊತ್ತಿತ್ತು. ಸಭೆಯಲ್ಲಿದ್ದ ಇತರ ಹಿರಿಯ ಮಕ್ಕಳು ತಮ್ಮ ತಮ್ಮ ತಾಯಂದಿರ ತವರನ್ನು ನೆನೆದು ನೆಲ ನೋಡತೊಡಗಿದರು.

"ಅದು ಬೇರೆ ಮಾತು!" ಎಂದು ಶಾಸ್ತ್ರಿಗಳು ಕೂಗಿದರು. "ಐದನೆಯ ತಿಂಗಳಿಗೇ ತೊಟ್ಟಿಲ ಸಮೇತ ಇಲ್ಲಿಗೆ ಬಂದೆ. ಈ ಕೆರೆಯ ನೀರು ಕುಡಿದೇ ಬೆಳೆದೆ!"

"ತಿಸ್ಸಪಂಡಿತರೂ ಅದನ್ನೇ ಕುಡಿಯುತ್ತಿದ್ದಾರೆ. ನೀರು ನಿಲ್ಲದಿರುವುದರಿಂದ ಸ್ವಲ್ಪ ಕಡಿಮೆ ಕುಡಿಯುತ್ತಿದ್ದಾರೆ, ಅಷ್ಟೇ."

"ಆದರೆ ಎಲ್ಲಿ ಹುಟ್ಟಿದೆ ಎಂದು ಇಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ!"

"ನಿಮಗೂ ಅವರಿಗೂ ಇರುವ ವ್ಯತ್ಯಾಸ ಅದೊಂದೇ, ಶಾಸ್ತ್ರಿಗಳೇ."

ಅಷ್ಟರಲ್ಲಿ ಅರಸ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದ. ಅವನ ದನಿ ತಣ್ಣಗಿತ್ತು.

"ಚೌಡರಸ, ನಾನೂ ಹಿರಿಯ ಮಗ. ನನ್ನ ತಾಯಿಯ ತವರೂ ಹೊಳೆಯಾಚೆಯೇ."

"ಗೊತ್ತು, ಪ್ರಭು," ಎಂದು ಚೌಡರಸ ಕೈಮುಗಿದ. "ಅದಕ್ಕೇ ನಿಯಮವನ್ನು ತಮ್ಮವರೆಗೆ ಬರಗೊಡದೆ ಶಾಸ್ತ್ರಿಗಳಲ್ಲೇ ನಿಲ್ಲಿಸಿದೆ."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತಿಸ್ಸನ ಕಡೆ ತಿರುಗಿ ತಲೆಯಾಡಿಸಿದ. ಅಂದರೆ, ಒಪ್ಪಿಗೆಯಾಯಿತು.